ಗುಡಿಸಿದ ಕಾಡಿನಲ್ಲಿ ಕಾರಿನ ಸವಾರಿ

ಸ್ವಂತ ಕಾರು ಓಡಿಸಿಕೊಂಡು ಕಾಡಿನೊಳಗೆ ಹೋಗಿ ಪ್ರಾಣಿಗಳನ್ನು ನೋಡುವ ಅವಕಾಶ ನಮ್ಮ ರಾಜ್ಯದಲ್ಲೂ ಇರಬೇಕು ಎಂಬ ಮಾತು ಈಗೀಗ ಹೋಮ್‌ಸ್ಟೇಗಳ ಜಗುಲಿಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಕೊನೆಗೆ ಕಾಲೇಜುಗಳ ಚರ್ಚಾಕೂಟಗಳಲ್ಲೂ ಕೇಳಿಬರುತ್ತಿದೆ. ಹಾಗೆ ಹೇಳುವವರೆಲ್ಲ ಕಾಡಿನ ವೈರಿಗಳೆಂದು ತಳ್ಳಿಹಾಕುವುದು ಸರಿಯಲ್ಲ. ಅವರಲ್ಲಿ ಹಲವರು ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನವನ್ನು ಕಂಡು ಬಂದವರು, ಇಲ್ಲವೇ ಕಂಡು ಬಂದವರು ತೆಗೆದ ಚಿತ್ರಗಳಿಗೆ ಮನಸೋತವರು. ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಸಾಧ್ಯವಿಲ್ಲ ಎಂದು ಅವರು ಕೇಳುತ್ತಾರೆ. ಅಲ್ಲಿ ಅದು ಹೇಗೆ ಸಾಧ್ಯವಾಯಿತು ಎಂದು ಮಾತ್ರ ಯಾರೂ ಕೇಳುತ್ತಿಲ್ಲ.

ನನ್ನ ಅಕ್ಕನ ಮಗ ಜೊಹಾನ್ಸ್‌ಬರ್ಗಿನಲ್ಲಿ ಉದ್ಯೋಗದಲ್ಲಿದ್ದಾಗ, ಒಂದು ಜುಲೈ ತಿಂಗಳಲ್ಲಿ, ಅವನ ಪುಟ್ಟ ಕಾರಿನಲ್ಲಿ ನಾವಿಬ್ಬರೇ ಮೂರು ದಿನ ಕ್ರೂಗರ್ ಸುತ್ತಿದೆವು. ಅಲ್ಲಿನ ವ್ಯವಸ್ಥೆಯ ಗುಣಗಳನ್ನು ಮುಚ್ಚಿಟ್ಟು ವಾದ ಗೆಲ್ಲುವ ಆಸೆ ನನಗಿಲ್ಲ. ದ್ವಾರದಲ್ಲಿ ಶುಲ್ಕ ಕಟ್ಟಿ ಚೀಟಿ ಪಡೆದರೆ ಸಾಕು, ಯಾವ ದಲ್ಲಾಳಿಯ ಹಂಗೂ ಇಲ್ಲದೆ ಒಳಗೆ ಹೋಗಬಹುದು. ಟಾರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್, ಮಣ್ಣಿನ ರಸ್ತೆಯಲ್ಲಿ 40, ಅದಕ್ಕಿಂತ ವೇಗವಾಗಿ ಹೋದರೆ ದಂಡ. ಗೊತ್ತುಪಡಿಸಿದ ಕೆಲವು ತಾಣಗಳ ಹೊರತು ಎಲ್ಲಿಯೂ ಕಾರಿನಿಂದ ಇಳಿಯುವಂತಿಲ್ಲ. ಚಳಿಗಾಲದಲ್ಲಿ ಬೆಳಗ್ಗೆ ಆರಕ್ಕೆ ತೆರೆಯುವ ದ್ವಾರ ಸಂಜೆ ಐದೂವರೆಗೆ ಮುಚ್ಚುತ್ತದೆ. ಆ ಹೊತ್ತಿಗೆ ಹೊರಗೋ ತಂಗುದಾಣದ ಬೇಲಿಯೊಳಗೋ ಇರಲೇಬೇಕು. ಲೋವರ್ ಸಾಬಿ ತಂಗುದಾಣದ ಪಕ್ಕದ ಕೆರೆಯ ಬಳಿ ಇಂಜಿನ್ ನಿಲ್ಲಿಸಿ ಮುಕ್ಕಾಲು ಗಂಟೆ ಕುಳಿತಿದ್ದೆವು. ನೀರಾನೆಗಳು ಬಂಡೆಗಳ ಹಾಗೆ ಬೆನ್ನು ತೋರಿಸಿಕೊಂಡು ಮಲಗಿದ್ದವು, ದಡದಲ್ಲಿ ಮೊಸಳೆ ಬಾಯಿ ತೆರೆದಿತ್ತು, ಪಕ್ಕದ ಹಳೆಯ ವ್ಯಾನಿನಲ್ಲಿ ಒಂದು ಸಂಸಾರ ಮನೆಯಿಂದ ತಂದ ಬುತ್ತಿ ಬಿಚ್ಚಿಕೊಂಡು ಪಿಸುಮಾತಿನಲ್ಲಿ ಊಟ ಮಾಡುತ್ತಿತ್ತು. ಹೊತ್ತಾಯಿತು ಹೊರಡಿ ಎನ್ನುವವರಿಲ್ಲ. ದುಬಾರಿ ರೆಸಾರ್ಟಿನ ಅತಿಥಿಯಲ್ಲದ ಸಾಧಾರಣ ಗೃಹಸ್ಥನೂ ಮಕ್ಕಳಿಗೆ ಆನೆ ತೋರಿಸಬಹುದಾದ ವ್ಯವಸ್ಥೆ ಅದು. ಈ ಮಾತನ್ನು ಒಪ್ಪದೆ ಮುಂದೆ ಹೋಗುವುದು ಅಪ್ರಾಮಾಣಿಕತೆಯಾದೀತು.

ಅದೇ ರಸ್ತೆಯಲ್ಲಿ ಮರುದಿನ ಸಿಂಹಗಳಿದ್ದವು. ಸಿಂಹಗಳಿಗಿಂತ ಮೊದಲು ಕಂಡದ್ದು ಕಾರುಗಳ ಸಾಲು. ಎದುರಿನಿಂದ ಬಂದವರು ಅಡ್ಡ ನಿಂತು, ಹಿಂದಿನವರು ಸಂದಿಯಲ್ಲಿ ಮೂತಿ ತೂರಿಸಿ, ಒಬ್ಬಾತ ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಾಗಿ ಚಿತ್ರ ತೆಗೆಯುತ್ತಿದ್ದ. ನಿಯಮವೂ ಇತ್ತು, ದಂಡದ ಭಯವೂ ಇತ್ತು, ಆದರೆ ಸಿಂಹವೂ ಇತ್ತಲ್ಲ! ಎಲ್ಲಿ ಯಾವ ಪ್ರಾಣಿ ಕಂಡಿತೆಂದು ಕ್ಷಣಮಾತ್ರದಲ್ಲಿ ಮೊಬೈಲಿಗೆ ಸುದ್ದಿ ಮುಟ್ಟಿಸುವ ಆ್ಯಪ್‌ಗಳಿಂದ ವಾಹನಗಳ ನೂಕುನುಗ್ಗಲೂ ಅತಿವೇಗವೂ ಹೆಚ್ಚುತ್ತಿವೆಯೆಂದು 2016ರಲ್ಲಿ ಅಲ್ಲಿನ ಉದ್ಯಾನ ಆಡಳಿತವೇ ಬಹಿರಂಗವಾಗಿ ಆತಂಕಪಟ್ಟಿತ್ತು. ಸುಮಾರು ನೂರು ವರ್ಷಗಳಿಂದ ಕಾರುಗಳನ್ನು ನಿಭಾಯಿಸಿ ಪಳಗಿದ ಆಡಳಿತದ ಸ್ಥಿತಿ ಅದು.

ಆ ಸಂಜೆ ಅಳಿಯ ಕೇಳಿದ: "ಮಾವ, ನಮ್ಮಲ್ಲಿ ಸಾವಿರಾರು ರೂಪಾಯಿ ಕೊಟ್ಟು ಜೀಪಿನಲ್ಲಿ ಇಕ್ಕಟ್ಟಾಗಿ ಕೂತು, ಹುಲಿ ಕಾಣಲಿಲ್ಲ ಅಂತ ಗೊಣಗಿಕೊಂಡು ಬರುವುದಕ್ಕಿಂತ ಇದು ಮೇಲಲ್ಲವಾ? ಬಂಡೀಪುರದಲ್ಲೂ ಹೀಗೆ ಬಿಟ್ಟರೆ ಏನು ಕಳೆದುಹೋಗುತ್ತೆ?"

ನಾವು ಆಗ ಕುಳಿತಿದ್ದ ತಂಗುದಾಣದ ಹೆಸರಿನಲ್ಲೇ ಉತ್ತರವಿತ್ತು. ಅದು ಸ್ಕುಕುಜಾ, ಕ್ರೂಗರಿನ ಅತಿ ದೊಡ್ಡ ತಂಗುದಾಣ, ಆಡಳಿತದ ಕೇಂದ್ರ. 1898ರಲ್ಲಿ ಅಧ್ಯಕ್ಷ ಪಾಲ್ ಕ್ರೂಗರನ ಕಾಲದಲ್ಲಿ ಘೋಷಿತವಾದ ಸಾಬಿ ರಕ್ಷಿತಾರಣ್ಯಕ್ಕೆ 1902ರಲ್ಲಿ ಜೇಮ್ಸ್ ಸ್ಟೀವನ್ಸನ್-ಹ್ಯಾಮಿಲ್ಟನ್ ಎಂಬ ಸೈನ್ಯಾಧಿಕಾರಿ ಮೊದಲ ಮೇಲ್ವಿಚಾರಕನಾಗಿ ಬಂದ. ಬಂದವನು ಅಲ್ಲಿ ವಾಸವಾಗಿದ್ದ ಆಫ್ರಿಕನ್ ಕುಟುಂಬಗಳನ್ನು ಒಕ್ಕಲೆಬ್ಬಿಸಿದ. ಸ್ಥಳೀಯ ಜನ ಅವನಿಗೆ ಇಟ್ಟ ಹೆಸರೇ ಸ್ಕುಕುಜಾ. ಅವರ ಭಾಷೆಯಲ್ಲಿ 'ಎಲ್ಲವನ್ನೂ ಗುಡಿಸಿ ಹಾಕಿದವನು' ಎಂದು ಅದರ ಅರ್ಥ. ಇಂದು ಆ ಹೆಸರಿನ ತಂಗುದಾಣದಲ್ಲಿ ಪ್ರವಾಸಿಗಳು ಕಾಫಿ ಕುಡಿಯುತ್ತಾರೆ. ಹೆಸರು ಬಲು ಚೆಂದವಾಗಿದೆಯೆಂದು ಮಗುವಿಗೆ ಇಡುವವರೂ ಇರಬಹುದೇನೋ!

ಗುಡಿಸುವ ಕೆಲಸ ಒಬ್ಬನಿಗೆ ಮುಗಿಯಲಿಲ್ಲ. 1926ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. 1927ರಲ್ಲಿ ಪ್ರವಾಸಿಗಳ ಮೊದಲ ಮೂರು ಕಾರುಗಳು ಒಳಗೆ ಬಂದವು. ಕಾರುಗಳು ಹೆಚ್ಚಿದಂತೆಲ್ಲ ರಸ್ತೆಗಳು ಹೆಚ್ಚಿದವು. ಇಂದು ಕ್ರೂಗರಿನೊಳಗಿನ ರಸ್ತೆಜಾಲ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ್ದು. 1969ರಲ್ಲಿ, ವರ್ಣಭೇದ ನೀತಿಯ ಕಾಲದಲ್ಲಿ, ಉದ್ಯಾನದ ಉತ್ತರ ತುದಿಯ ಪಫೂರಿ ಪ್ರದೇಶದಿಂದ ಮಕುಲೇಕೆ ಸಮುದಾಯದ ಸುಮಾರು ಮೂರು ಸಾವಿರ ಜನರನ್ನು ಬಂದೂಕಿನ ಬಲದಿಂದ ಹೊರಗಟ್ಟಲಾಯಿತು. ಅವರ ಗುಡಿಸಲುಗಳಿಗೆ ಅವರ ಕೈಯಿಂದಲೇ ಬೆಂಕಿ ಹಾಕಿಸಿದರು. ಎರಡು ನದಿಗಳು ಕೂಡುವ ಆ ಫಲವತ್ತಾದ ನೆಲ ಉದ್ಯಾನಕ್ಕೆ ಸೇರಿತು. ವರ್ಣಭೇದ ಕೊನೆಗೊಂಡ ಮೇಲೆ ಮಕುಲೇಕೆಯವರು ಕಾನೂನಿನ ಹಾದಿಯಲ್ಲಿ ಹೋರಾಡಿ 1998ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಭೂಮಿಯ ಒಡೆತನ ಮರಳಿ ಪಡೆದರು. ಅದನ್ನು ಕಾಡಾಗಿಯೇ ಉಳಿಸಲು ಅವರು ಒಪ್ಪಿಕೊಂಡರು, ಪ್ರವಾಸದ ಆದಾಯದಲ್ಲಿ ಪಾಲು ಪಡೆದರು. ನೆಲ ಕಳೆದುಕೊಂಡವರಲ್ಲೇ ಕಾಡು ಉಳಿಸುವ ಔದಾರ್ಯವಿತ್ತೆಂಬುದು ನಮ್ಮ ಕಡೆಯ ಅಧಿಕಾರಿಗಳು ಓದಬೇಕಾದ ಪಾಠ. ಕ್ರೂಗರನ್ನು ಹೊಗಳುವ ಪ್ರವಾಸಕಥನಗಳಲ್ಲಿ ಅದು ಸಿಗುವುದು ಅಪರೂಪ.

ಜನರನ್ನು ತೆಗೆದರು, ಬೇಲಿ ಹಾಕಿದರು. ಪ್ರಾಣಿಗಳು ಸದಾ ಕಾಣುವಂತಿರಲಿ, ಬರದಲ್ಲಿ ಸಾಯದಿರಲಿ ಎಂದು ನೂರಾರು ಕೊಳವೆಬಾವಿ ಕೊರೆದು ನೀರುಗುಂಡಿಗಳನ್ನು ತುಂಬಿಸಿದರು. ಅದರಿಂದ ಮೇವಿನ ನೆಲವೇ ಹಾಳಾಗುತ್ತದೆಂದು ತಿಳಿದ ಮೇಲೆ ಅನೇಕವನ್ನು ಮುಚ್ಚಿದರು. ಬೇಲಿಯೊಳಗೆ ಆನೆ ಹೆಚ್ಚಾದಾಗ, 1967ರಿಂದ 1994ರವರೆಗೆ, ಸರ್ಕಾರವೇ 14 ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಲ್ಲಿಸಿತು. ನಾವು ಕಿಟಕಿಯಿಂದ ಕಂಡ ಆ ಪ್ರಶಾಂತ ಕಾಡು ಇಷ್ಟೆಲ್ಲ ಬೆಲೆ ತೆತ್ತು ಸಿದ್ಧವಾದದ್ದು. ಇಷ್ಟಾದರೂ ಅದು ಕಾರನ್ನು ತಾಳಿಕೊಂಡಿರುವುದು ಅದರ ವಿಸ್ತಾರದಿಂದ. ಕ್ರೂಗರಿನ ವಿಸ್ತೀರ್ಣ 19 ಸಾವಿರ ಚದರ ಕಿಲೋಮೀಟರಿಗೂ ಅಧಿಕ. ಬಂಡೀಪುರದ ಕೇಂದ್ರ ಭಾಗ ಸುಮಾರು 870. ಇಪ್ಪತ್ತಕ್ಕೂ ಹೆಚ್ಚು ಬಂಡೀಪುರಗಳನ್ನು ಅದರೊಳಗೆ ಇಡಬಹುದು. ಕುರುಚಲು ಮರಗಳ ಆ ಬಯಲುಸೀಮೆಯಲ್ಲಿ ಪ್ರಾಣಿಗೆ ರಸ್ತೆಯಿಂದ ದೂರ ಸರಿಯಲು ಜಾಗವಿದೆ, ನೋಡುವವನಿಗೆ ದೂರದಿಂದಲೇ ಕಾಣಲು ಬಯಲಿದೆ. ನಮ್ಮ ಘಟ್ಟದ ಮಳೆಕಾಡಿನಲ್ಲಿ ಹತ್ತು ಹೆಜ್ಜೆಯಾಚೆ ನಿಂತ ಕಾಡುಕೋಣವೇ ಕಾಣುವುದಿಲ್ಲ. ಕಾಣಬೇಕೆಂದರೆ ರಸ್ತೆಯ ಇಕ್ಕೆಲ ಬೋಳಿಸಬೇಕು. ಹಾಗೆ ಬೋಳಿಸಿದಲ್ಲಿ ಮೊದಲು ಬರುವುದು ಲಂಟಾನ.

ಇನ್ನು ನಮ್ಮ ವಿಷಯಕ್ಕೆ ಬರೋಣ. ಸ್ವಂತ ವಾಹನದ ಸಫಾರಿ ಕರ್ನಾಟಕದಲ್ಲಿ ಇಲ್ಲವೆಂದವರಾರು? ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೂ ಊಟಿಗೂ ಹೋಗುವ ಹೆದ್ದಾರಿಗಳು ಬಂಡೀಪುರವನ್ನು ಸೀಳಿಕೊಂಡೇ ಸಾಗುತ್ತವೆ. ಹಗಲೆಲ್ಲ ಅಲ್ಲಿ ನಡೆಯುವುದು ಚೀಟಿಯಿಲ್ಲದ, ಮೇಲ್ವಿಚಾರಣೆಯಿಲ್ಲದ ಬಿಟ್ಟಿ ಸಫಾರಿ. ಜಿಂಕೆ ಕಂಡರೆ ಬಿಸ್ಕತ್ತು, ಆನೆ ಕಂಡರೆ ಹಾರನ್ನು. 2025ರ ಆಗಸ್ಟ್‌ನಲ್ಲಿ ಅಲ್ಲಿ ಕಾರಿನಿಂದ ಇಳಿದು ಸೆಲ್ಫಿಗೆ ಹೋದ ಒಬ್ಬಾತನನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಆತ ಬದುಕಿದ್ದೇ ಪುಣ್ಯ, ಇಲಾಖೆ ಅವನಿಗೆ 25 ಸಾವಿರ ರೂಪಾಯಿ ದಂಡ ಹಾಕಿತು. ಅದೇ ರಸ್ತೆಯಲ್ಲಿ ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದಲೇ 2009ರಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗಿನ ಸಂಚಾರ ನಿಷೇಧ ಬಂತು, 2010ರಲ್ಲಿ ರಾಜ್ಯದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಅದನ್ನು ತೆರವುಗೊಳಿಸಬೇಕೆಂಬ ಒತ್ತಡ ಮತ್ತೆ ಮತ್ತೆ ತಲೆಯೆತ್ತಿದೆ. ಒಂಬತ್ತು ಗಂಟೆಯ ಮೌನವನ್ನೇ ಕಾಡಿಗೆ ನೆಮ್ಮದಿಯಾಗಿ ಕೊಡಲಾರದ ನಾವು ಒಳದಾರಿಗಳಿಗೂ ಕಾರು ಬಿಟ್ಟು ವೇಗಮಿತಿ ಕಾಯುತ್ತೇವೆಂದು ಯಾರನ್ನು ನಂಬಿಸಬೇಕು?

ಮಲೆನಾಡಿನವರಿಗೆ ಇದಕ್ಕೆ ಬಂಡೀಪುರದ ಸಾಕ್ಷಿ ಬೇಕಾಗಿಯೂ ಇಲ್ಲ. ಆಗುಂಬೆ, ಚಾರ್ಮಾಡಿಯ ತಿರುವುಗಳಲ್ಲಿ ಕಾರಿನ ಬಾಗಿಲು ತೆರೆಯುವ ಸದ್ದಿಗೆ ಓಡಿಬರುವ ಕೋತಿಗಳನ್ನು ನೋಡಿದ್ದೇವೆ. ಮೊದಲ ಮಳೆಯ ರಾತ್ರಿ ಘಟ್ಟದ ರಸ್ತೆ ದಾಟುವ ಕಪ್ಪೆ, ಹಾವುಗಳು ಬೆಳಗಾಗುವಷ್ಟರಲ್ಲಿ ಟಾರಿಗೆ ಅಂಟಿಕೊಂಡಿರುತ್ತವೆ. ಬಾಬಾಬುಡನ್ ಗಿರಿಸಾಲಿನಲ್ಲಿ ವಾರಾಂತ್ಯದ ವಾಹನಗಳ ಒತ್ತಡ ತಾಳಲಾರದೆ ಚಿಕ್ಕಮಗಳೂರು ಜಿಲ್ಲಾಡಳಿತ 2025ರಲ್ಲಿ ಮುಳ್ಳಯ್ಯನಗಿರಿಯ ಕಡೆ ಹೋಗುವ ಪ್ರವಾಸಿ ವಾಹನಗಳಿಗೆ ಮುಂಗಡ ನೋಂದಣಿ ಕಡ್ಡಾಯ ಮಾಡಬೇಕಾಯಿತು. ಶೋಲಾದ ನೆತ್ತಿಯ ಹುಲ್ಲುಗಾವಲಿನಲ್ಲಿ ಜೀಪು ಹತ್ತಿಸಿ ಸಾಹಸವೆಂದು ಕರೆದುಕೊಳ್ಳುವವರು ಬಿಟ್ಟುಹೋದ ಗಾಲಿಯ ಜಾಡು ಮಳೆಗಾಲದಲ್ಲಿ ಕೊರಕಲಾಗುತ್ತದೆ, ಕೊರಕಲು ಕೆಳಗಿನ ಗದ್ದೆಗೆ ಮಣ್ಣು ತರುತ್ತದೆ. ಆ ಗದ್ದೆ ಜೀಪಿನವರದ್ದಲ್ಲ.

ಜನರ ಪ್ರಶ್ನೆಯನ್ನು ಬಿಟ್ಟು ಈ ಚರ್ಚೆ ನಡೆಯುತ್ತಿರುವುದೇ ನನ್ನ ಮುಖ್ಯ ತಕರಾರು. ನಾಗರಹೊಳೆಯಿಂದ ಜೇನುಕುರುಬರನ್ನು ಹೊರಕ್ಕೆ ಕಳಿಸುತ್ತಿದ್ದ ಕಾಲದಲ್ಲೇ ಅದೇ ಕಾಡಿನೊಳಗಿನ ಮೂರ್ಕಲ್ಲಿನಲ್ಲಿ ಐಷಾರಾಮಿ ಹೋಟೆಲ್ ಕಟ್ಟಲು ಅನುಮತಿ ಸಿಕ್ಕಿತ್ತು. ಆದಿವಾಸಿಗಳು ಬೀದಿಗಿಳಿದು, ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ 1997ರಲ್ಲಿ ಹೈಕೋರ್ಟು ಅದನ್ನು ತಡೆಯಿತು. 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ಅರಣ್ಯ ಹಕ್ಕು ಕಾಯ್ದೆಯನ್ನು ಮುಂದಿಟ್ಟುಕೊಂಡು ತಮ್ಮ ಹಿರಿಯರ ನೆಲವಾದ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿದಾಗ ಎದುರಾದದ್ದು ಇಲಾಖೆಯ ಸಿಬ್ಬಂದಿ. ಅಜ್ಜನ ಸಮಾಧಿಗೆ ಪೂಜೆ ಮಾಡಲು ಹೋಗುವವನಿಗೆ ಕಾಡಿನಲ್ಲಿ ಅಡ್ಡಿ, ಬೆಂಗಳೂರಿನಿಂದ ಬರುವ ಕಾರಿಗೆ ಚೀಟಿ. ಇಂಥ ನ್ಯಾಯವನ್ನು ಕ್ರೂಗರ್ ಮಾದರಿ ಎಂದು ಕರೆಯುವುದಾದರೆ, ಆ ಮಾದರಿಯ ಹೆಸರು ಸ್ಕುಕುಜಾ ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು.

ಕಾಡಂಚಿನ ಇನ್ನೊಂದು ಸಂಗತಿ. 2025ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದಾಗ, ಬಂಡೀಪುರ ಮತ್ತು ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಿ ಅದಕ್ಕೆ ನಿಯೋಜಿತರಾದ ಸಿಬ್ಬಂದಿಯನ್ನು ಕಾಡಂಚಿನ ಕಾವಲಿಗೆ ಬಳಸಬೇಕೆಂದು ಸರ್ಕಾರ ಆದೇಶಿಸಿತು. ಇದರ ಅರ್ಥವೇನು? ಪ್ರವಾಸಿಗೆ ಪ್ರಾಣಿ ತೋರಿಸುವ ಕೈಗಳೂ ರೈತನ ಹೊಲ ಕಾಯುವ ಕೈಗಳೂ ಒಂದೇ, ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರುವುದಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಕೆಲವೇ ಜೀಪುಗಳಿಗೆ ಇಷ್ಟು ಸಿಬ್ಬಂದಿ ಬೇಕಾದರೆ, ಕಾಡಿನ ತುಂಬ ಚದುರಿದ ನೂರಾರು ಖಾಸಗಿ ಕಾರುಗಳಲ್ಲಿ ಯಾರು ಇಳಿದರು, ಯಾರು ಬೀಡಿ ಎಸೆದರು, ಯಾರು ಹೊತ್ತು ಮುಳುಗಿದ ಮೇಲೂ ಹೊರಗೆ ಬಂದಿಲ್ಲ ಎಂದು ನೋಡಲು ಎಷ್ಟು ಮಂದಿ ಬೇಕು? ಅವರನ್ನು ಯಾವ ಊರಿನ ಆನೆ ಕಾವಲಿನಿಂದ ಕಿತ್ತು ತರುತ್ತಾರೆ?

ಹಾಗಾದರೆ ಅಳಿಯನ ದೂರು ಸುಳ್ಳೇ? ಅಲ್ಲ. ಇಂದಿನ ಸಫಾರಿ ಹಣವಂತರ ಸೊತ್ತಾಗಿದೆ ಎಂಬುದು ನಿಜ. ಆದರೆ ಅದಕ್ಕೆ ಪರಿಹಾರ ಕಾರುಳ್ಳವರಿಗೂ ಬಾಗಿಲು ತೆರೆಯುವುದಾದರೆ, ಕಾರಿಲ್ಲದವರು ಹಿಂದಿನಂತೆ ಹೊರಗೇ ಉಳಿಯುತ್ತಾರೆ. ಈಗಿರುವ ದಾರಿಗಳಲ್ಲೇ ಇಲಾಖೆಯ ಬಸ್ಸಿನಲ್ಲಿ ಕಾಡಂಚಿನ ಶಾಲೆಯ ಮಕ್ಕಳಿಗೆ ಮೊದಲ ಸ್ಥಾನ ಇರಲಿ. 'ಚಿಣ್ಣರ ವನದರ್ಶನ' ಎಂಬ ಯೋಜನೆ ಇಲಾಖೆಯ ಬಳಿಯೇ ಇದೆ. ಅದು ಎಷ್ಟು ಹಳ್ಳಿಗಳಿಗೆ ಮುಟ್ಟಿದೆಯೆಂದು ಪ್ರತಿ ಗ್ರಾಮಸಭೆಯಲ್ಲೂ ಕೇಳಬೇಕು. ದಾರಿ ತೋರಿಸುವ ಕೆಲಸ, ಅದಕ್ಕೆ ತಕ್ಕ ಸಂಬಳದೊಂದಿಗೆ, ಆ ಕಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಸಿಗಬೇಕು. ರಾತ್ರಿ ಸಂಚಾರ ನಿಷೇಧ ಸಡಿಲಗೊಳ್ಳಬಾರದು. ಘಟ್ಟದ ಕಾಡಿನ ರಸ್ತೆಗಳಲ್ಲಿ, ಮಳೆಗಾಲದ ಮೊದಲ ತಿಂಗಳಲ್ಲಾದರೂ, ರಾತ್ರಿಯ ವೇಗಕ್ಕೆ ಮಿತಿ ಬರಬೇಕು.

ಈ ಕೊನೆಯ ಬೇಡಿಕೆಗೆ ಪುರಾವೆ ಬೇಕು, ಅದನ್ನು ಒದಗಿಸಬಲ್ಲವರು ವಿದ್ಯಾರ್ಥಿಗಳು. ನಿಮ್ಮ ಊರಿನಿಂದ ಶಾಲೆಗೋ ಬಸ್ ನಿಲ್ದಾಣಕ್ಕೋ ಹೋಗುವ ರಸ್ತೆಯಲ್ಲಿ ಒಂದು ಕಿಲೋಮೀಟರನ್ನು ಗುರುತು ಮಾಡಿಕೊಳ್ಳಿ. ಮಳೆ ಹಿಡಿದ ದಿನದಿಂದ ಒಂದು ತಿಂಗಳು, ಪ್ರತಿ ಬೆಳಗ್ಗೆ ವಾಹನಗಳು ಹೆಚ್ಚುವ ಮೊದಲು, ಅಲ್ಲಿ ಸತ್ತುಬಿದ್ದದ್ದನ್ನು ಬರೆದಿಡಿ: ದಿನಾಂಕ, ಹೊತ್ತು, ಜಾಗ, ಯಾವ ಪ್ರಾಣಿ. ಹೆಸರು ಗೊತ್ತಿಲ್ಲದಿದ್ದರೆ ನಿಮ್ಮ ಅಜ್ಜಿ ಕರೆಯುವ ಹೆಸರನ್ನೇ ಬರೆಯಿರಿ. ರಸ್ತೆಯ ಮೇಲೆ ನಿಂತು ಬರೆಯಬೇಡಿ, ಒಬ್ಬರು ವಾಹನ ನೋಡುತ್ತಿರಲಿ. ಪಟ್ಟಿಯ ಒಂದು ಪ್ರತಿ ವಲಯ ಅರಣ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಇನ್ನೊಂದನ್ನು ಈ ಪತ್ರಿಕೆಗೆ ಕಳಿಸಿ.