ಮಧ್ಯಾಹ್ನದ ಹತ್ತು ನಿಮಿಷ

ಬೆನ್ನುಹುರಿಯ ಉರಿಯೂತವು ಬಂದೆರಗುವುದು ಬಹುಬೇಗ. ಅದರ ಪರಿಣಾಮಗಳು ಉಳಿಯುವುದು ಬಹುಕಾಲ. ನಿನ್ನೆಯವರೆಗೆ ಅಂಗಳದಲ್ಲಿ ಓಡಿಯಾಡಿದ ಮಗು ಬೆಳಗ್ಗೆ ಎದ್ದು ಕಾಲು ಜೋಮು ಹಿಡಿದಿದೆ ಎನ್ನುತ್ತದೆ. ಸಂಜೆಯಾಗುವಾಗ ನಿಲ್ಲಲಾರದು. ರಾತ್ರಿ ಮೂತ್ರ ಕಟ್ಟಿಕೊಳ್ಳುತ್ತದೆ. ಹೊಟ್ಟೆಯ ಸುತ್ತ ಬಿಗಿಯಾದ ಪಟ್ಟಿ ಕಟ್ಟಿದಂತಾಗುತ್ತಿದೆ ಎಂದು ಕೆಲವರು ಹೇಳುವುದುಂಟು. ವೈದ್ಯಶಾಸ್ತ್ರದಲ್ಲಿ ಇದರ ಹೆಸರು ಟ್ರಾನ್ಸ್‌ವರ್ಸ್ ಮೈಲೈಟಿಸ್. ಕಾಯಿಲೆ ಅಪರೂಪದ್ದೇ ಸರಿ. ಆದರೆ ಅದಕ್ಕೆ ತುತ್ತಾದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಮಕ್ಕಳು. ಆದುದರಿಂದ ಇದು ಆಸ್ಪತ್ರೆಯ ವಿಷಯವಾಗಿರುವಂತೆಯೇ ಶಾಲೆಯ ವಿಷಯವೂ ಹೌದು.

ಮಿದುಳಿನಿಂದ ಹೊರಟು ಬೆನ್ನೆಲುಬಿನ ಕೊಳವೆಯೊಳಗೆ ಇಳಿಯುವ ನರತಂತುಗಳ ಕಟ್ಟೇ ಬೆನ್ನುಹುರಿ. ಕಾಲಿಗೆ ನಡೆಯೆಂಬ ಆಜ್ಞೆ ಇಳಿಯುವುದೂ, ಮುಳ್ಳು ಚುಚ್ಚಿತೆಂಬ ಸುದ್ದಿ ಮೇಲೇರುವುದೂ ಇದೇ ದಾರಿಯಲ್ಲಿ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯು ಯಾವುದೋ ಸೋಂಕಿನ ಅನಂತರ ದಾರಿ ತಪ್ಪಿ ಈ ತಂತುಗಳ ಮೇಲೆಯೇ ಎರಗಿದಾಗ ಅಲ್ಲಿ ಊತ ಉಂಟಾಗುತ್ತದೆ. ಊತವಿರುವ ಮಟ್ಟದಿಂದ ಕೆಳಗಿನ ಅಂಗಗಳಿಗೆ ಮಿದುಳಿನೊಡನೆ ಸಂಪರ್ಕ ಕಡಿದುಹೋಗುತ್ತದೆ. ಕೆಲವರಲ್ಲಿ ಕ್ಷಯ, ಲೂಪಸ್ ಮೊದಲಾದ ಬೇರೆ ರೋಗಗಳೂ ಕಾರಣವಾಗಿರಬಹುದು.

ಈ ಹಂತದಲ್ಲಿ ಗಂಟೆಗಳಿಗೆ ಬೆಲೆಯಿದೆ. ಬೆನ್ನು ಉಳುಕಿತೆಂದೋ ವಾತವೆಂದೋ ಎಣಿಸಿ ಎಣ್ಣೆ ತಿಕ್ಕಿಸುತ್ತ ವಾರ ಕಳೆಯಬಾರದು. ಕಾಲಿನ ಬಲ ಕುಂದುವುದರೊಡನೆ ಮೂತ್ರವೂ ಕಟ್ಟಿಕೊಂಡರೆ ಅದೇ ದಿನ ನರರೋಗ ತಜ್ಞರಿರುವ ಆಸ್ಪತ್ರೆಯನ್ನು ಸೇರಬೇಕು. ಅಲ್ಲಿ ಎಂ.ಆರ್.ಐ. ಚಿತ್ರಣ ಮಾಡಿ, ಬೆನ್ನಿನಿಂದ ನೀರು ತೆಗೆದು, ರಕ್ತವನ್ನು ಪರೀಕ್ಷಿಸುತ್ತಾರೆ. ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್. ವಯಸ್ಕರಿಗೆ ದಿನಕ್ಕೆ 1 ಗ್ರಾಂ, ಮಕ್ಕಳಿಗೆ ತೂಕಕ್ಕೆ ತಕ್ಕ ಪ್ರಮಾಣ. ಹೀಗೆ 3ರಿಂದ 5 ದಿನ ರಕ್ತನಾಳದ ಮೂಲಕ ಕೊಡುತ್ತಾರೆ. ಅದರಿಂದ ಗುಣ ಕಾಣದಿದ್ದರೆ ರಕ್ತದ ಪ್ಲಾಸ್ಮಾವನ್ನು ಯಂತ್ರದ ಮೂಲಕ ಬದಲಿಸುವ ಚಿಕಿತ್ಸೆಯನ್ನು 5ರಿಂದ 7 ಬಾರಿ ಮಾಡುವುದುಂಟು.

ರೋಗವು ಮರುಕಳಿಸುವ ಬಗೆಯದೇ ಎಂಬುದನ್ನೂ ಆಗಲೇ ತಿಳಿದುಕೊಳ್ಳಬೇಕು. ಹಲವರಿಗೆ ಇದು ಒಮ್ಮೆ ಬಂದು ಹೋಗುವಂಥದು. ರಕ್ತದಲ್ಲಿ ಅಕ್ವಾಪೊರಿನ್-4 ಎಂಬ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳು ಕಂಡುಬಂದರೆ ಅದು ಕಣ್ಣಿನ ನರವನ್ನೂ ಬೆನ್ನುಹುರಿಯನ್ನೂ ಮತ್ತೆ ಮತ್ತೆ ಕಾಡುವ ರೋಗದ ಸೂಚನೆ. ಅಂಥವರು ಅಜಾಥಯೋಪ್ರಿನ್, ರಿಟುಕ್ಸಿಮ್ಯಾಬ್ ಮೊದಲಾದ ಔಷಧಗಳನ್ನು ವರ್ಷಗಟ್ಟಲೆ ಪಡೆಯಬೇಕಾಗುತ್ತದೆ. ಮಗು ಚೇತರಿಸಿಕೊಂಡಂತೆ ಕಂಡಿತೆಂದು ಇವನ್ನಾಗಲಿ ಸ್ಟಿರಾಯ್ಡ್ ಮಾತ್ರೆಯನ್ನಾಗಲಿ ತಾವಾಗಿಯೇ ನಿಲ್ಲಿಸುವುದು ಅಪಾಯ. ಇಂಥ ಔಷಧ ಸೇವಿಸುವ ಮಗುವಿಗೆ ಯಾವುದೇ ಲಸಿಕೆ ಹಾಕಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಊತವು ಕೆಲವು ವಾರಗಳಲ್ಲಿ ಇಳಿಯುತ್ತದೆ. ಆಮೇಲೆ ಉಳಿಯುವುದು ಅದು ಮಾಡಿದ ಗಾಯ. ಸ್ಥೂಲವಾಗಿ ಹೇಳುವುದಾದರೆ ಮೂವರಲ್ಲೊಬ್ಬರು ಬಹುಮಟ್ಟಿಗೆ ಗುಣವಾಗುತ್ತಾರೆ. ಒಬ್ಬರಿಗೆ ಮಧ್ಯಮ ಪ್ರಮಾಣದ ಊನ ಉಳಿಯುತ್ತದೆ. ಇನ್ನೊಬ್ಬರಿಗೆ ನಡೆಯುವ ಶಕ್ತಿ ಮರಳುವುದಿಲ್ಲ. ಮಕ್ಕಳಲ್ಲಿ ಚೇತರಿಕೆ ಸಾಮಾನ್ಯವಾಗಿ ಇದಕ್ಕಿಂತ ಉತ್ತಮ. ಹೆಚ್ಚಿನ ಸುಧಾರಣೆ ಮೊದಲ 3ರಿಂದ 6 ತಿಂಗಳಲ್ಲಿ ಕಾಣುತ್ತದೆ. ಎರಡು ವರ್ಷಗಳವರೆಗೂ ಅದು ನಿಧಾನವಾಗಿ ಮುಂದುವರಿಯಬಹುದು. ಔಷಧದ ಐದು ದಿನಗಳಿಗಿಂತ ಈ ಎರಡು ವರ್ಷಗಳನ್ನು ಮನೆಯವರು ಹೇಗೆ ಕಳೆಯುತ್ತಾರೆಂಬುದೇ ಅನೇಕ ವೇಳೆ ಮಗುವಿನ ಮುಂದಿನ ಬದುಕನ್ನು ನಿರ್ಧರಿಸುತ್ತದೆ.

ಪುನಶ್ಚೇತನ ಚಿಕಿತ್ಸೆಯು ಆಸ್ಪತ್ರೆಯ ಹಾಸಿಗೆಯಲ್ಲಿಯೇ ಆರಂಭವಾಗಬೇಕು. ಸ್ಪರ್ಶಜ್ಞಾನವಿಲ್ಲದ ಚರ್ಮಕ್ಕೆ ಒತ್ತಡ ತಿಳಿಯುವುದಿಲ್ಲವಾದ ಕಾರಣ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣು ಏಳುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತ ಮಗುವು ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಕೈಯೂರಿ ಮೈಯನ್ನು ಎತ್ತಿ ಇಳಿಸುವ ರೂಢಿ ಮಾಡಿಕೊಳ್ಳಬೇಕು. ಮರಗಟ್ಟಿದ ಕಾಲಿಗೆ ಬಿಸಿನೀರಿನ ಚೀಲ ಇಡಲೇಬಾರದು. ಸುಟ್ಟರೂ ಮಗುವಿಗೆ ಗೊತ್ತಾಗದು. ಕೆಲವು ವಾರಗಳ ಅನಂತರ ಕಾಲುಗಳು ತಾವಾಗಿಯೇ ಸೆಟೆದು ನಡುಗತೊಡಗಿದರೆ ಬಲ ಮರಳಿತೆಂದು ಮನೆಯವರು ಹಿಗ್ಗುವುದುಂಟು. ಅದು ಸ್ನಾಯುಗಳ ಸೆಡೆತ. ಪ್ರತಿದಿನ ಕೀಲುಗಳನ್ನು ಮೆಲ್ಲನೆ ಚಾಚಿ ಮಡಿಸುವ ವ್ಯಾಯಾಮ, ಪಾದಕ್ಕೆ ಆಧಾರಪಟ್ಟಿ, ಅಗತ್ಯವಿದ್ದರೆ ಬ್ಯಾಕ್ಲೋಫೆನ್‌ನಂಥ ಔಷಧ ಇದಕ್ಕೆ ಬೇಕು. ಇಲ್ಲವಾದರೆ ಪಾದ ಕೆಳಕ್ಕೆ ಬಾಗಿಯೇ ಗಟ್ಟಿಯಾಗುತ್ತದೆ; ಮುಂದೆ ಬಲ ಮರಳಿದರೂ ನೆಲದಲ್ಲಿ ಊರಲಾಗುವುದಿಲ್ಲ. ಮಲವಿಸರ್ಜನೆಗೂ ದಿನದ ಒಂದು ಹೊತ್ತನ್ನು ಗೊತ್ತುಮಾಡಬೇಕು. ಊಟವಾದ ಸ್ವಲ್ಪ ಹೊತ್ತಿಗೆ ಕರುಳು ಸಹಜವಾಗಿ ಚಲಿಸುವುದರಿಂದ ಬೆಳಗಿನ ಉಪಾಹಾರದ ಅನಂತರದ ಹೊತ್ತು ಅನುಕೂಲ.

ಇವೆಲ್ಲಕ್ಕಿಂತ ಹೆಚ್ಚಿನ ಸಂಕೋಚಕ್ಕೆ ಕಾರಣವಾಗುವುದು, ಆದುದರಿಂದಲೇ ಹೆಚ್ಚು ಉಪೇಕ್ಷೆಗೆ ಒಳಗಾಗುವುದು, ಮೂತ್ರಕೋಶದ ಆರೈಕೆ. ಮೂತ್ರಕೋಶವು ತುಂಬಿದುದನ್ನು ಅರಿಯದೆ, ಅರಿತರೂ ಖಾಲಿ ಮಾಡಲಾಗದೆ ಉಳಿದಾಗ ಮೂತ್ರವು ಹಿಮ್ಮುಖವಾಗಿ ಏರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಬೆನ್ನುಹುರಿ ಹಾನಿಗೊಂಡ ಅಸಂಖ್ಯ ಮಂದಿ ಒಂದು ಕಾಲದಲ್ಲಿ ಮೂತ್ರಪಿಂಡ ಸೋತೇ ತೀರಿಕೊಳ್ಳುತ್ತಿದ್ದರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾ. ಜಾಕ್ ಲ್ಯಾಪಿಡಿಸ್ 1972ರಲ್ಲಿ ಒಂದು ಸರಳ ವಿಧಾನವನ್ನು ಪ್ರಕಟಿಸಿದರು. ಸಪುರವಾದ ಕ್ಯಾಥೆಟರ್ ನಳಿಕೆಯನ್ನು ದಿನಕ್ಕೆ ಹಲವು ಬಾರಿ ಒಳಸೇರಿಸಿ, ಮೂತ್ರವನ್ನು ಪೂರ್ತಿ ಹೊರಬಿಟ್ಟು, ನಳಿಕೆಯನ್ನು ತೆಗೆದುಬಿಡುವುದು. ಇದಕ್ಕೆ ಶಸ್ತ್ರಕ್ರಿಯೆಯ ಕೊಠಡಿಯ ನಿರ್ಜಂತುಕತೆ ಬೇಡ, ಸಾಬೂನಿನಿಂದ ತೊಳೆದ ಶುದ್ಧ ಕೈ ಸಾಕು. ಈ ಒಂದು ಕ್ರಮದಿಂದ ಆರೈಕೆಯು ಆಸ್ಪತ್ರೆಯಿಂದ ಮನೆಗೆ ಬಂತು. ಪ್ರಾಥಮಿಕ ಶಾಲೆಯ ವಯಸ್ಸಿನ ಅನೇಕ ಮಕ್ಕಳು ಇದನ್ನು ತಾವೇ ಮಾಡಿಕೊಳ್ಳಲು ಕಲಿಯುತ್ತಾರೆ.

ಇಲ್ಲಿಯೇ ಶಾಲೆಯ ಪಾತ್ರ ಬರುವುದು. ನಳಿಕೆಯ ಬಳಕೆ ಸಾಮಾನ್ಯವಾಗಿ 4ರಿಂದ 6 ಗಂಟೆಗೊಮ್ಮೆ. ಬೆಳಗ್ಗೆ ಮನೆಯಿಂದ ಹೊರಟು ಸಂಜೆ ಮರಳುವ ಮಗುವಿಗೆ ಶಾಲೆಯಲ್ಲಿ ಅದರ ಅಗತ್ಯ ಬೀಳುವುದು ಹೆಚ್ಚಾಗಿ ಒಂದೇ ಸಲ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಹತ್ತು ನಿಮಿಷ. ಅದಕ್ಕೆ ಬೇಕಾದುದು ಚಿಲಕವಿರುವ ಬಾಗಿಲು, ಗಾಲಿಕುರ್ಚಿ ತಿರುಗುವಷ್ಟು ಜಾಗ, ನೀರು, ಸಾಬೂನು, ಚೀಲ ತೂಗಹಾಕಲು ಒಂದು ಮೊಳೆ. ಇಷ್ಟಿಲ್ಲದಿದ್ದರೆ ಮಗು ನೀರು ಕುಡಿಯುವುದನ್ನೇ ಬಿಡುತ್ತದೆ. ನೀರು ಕಡಿಮೆಯಾದಂತೆ ಸೋಂಕು ತಗಲುತ್ತದೆ, ಜ್ವರ ಬರುತ್ತದೆ, ಹಾಜರಿ ತಪ್ಪುತ್ತದೆ. ಬಟ್ಟೆ ಒದ್ದೆಯಾಗಿ ಸಹಪಾಠಿಗಳು ನಕ್ಕ ಒಂದು ದಿನವೇ ಶಾಲೆಯ ಕೊನೆಯ ದಿನವೂ ಆಗಬಹುದು. ಕಾಲು ನಡೆಯದ್ದರಿಂದ ಮಗು ಶಾಲೆ ಬಿಟ್ಟಿತೆಂದು ಊರು ಹೇಳುತ್ತದೆ. ನಿಜವಾಗಿ ಕೊರತೆಯಾಗಿದ್ದುದು ಒಂದು ಚಿಲಕ.

ಅಧ್ಯಾಪಕರು ತಿಳಿದಿರಬೇಕಾದ ತುರ್ತು ಸಂಗತಿಯೂ ಒಂದಿದೆ. ಗಾಯವು ಎದೆಯ ನಡುಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿರುವ ಮಗುವಿಗೆ ಹಠಾತ್ತನೆ ತೀವ್ರ ತಲೆನೋವು ಬಂದು, ಮುಖ ಕೆಂಪಾಗಿ ಬೆವರಿದರೆ, ರಕ್ತದೊತ್ತಡ ಅಪಾಯಕರವಾಗಿ ಏರಿರಬಹುದು. ಬಹುತೇಕ ಸಂದರ್ಭಗಳಲ್ಲಿ ತುಂಬಿದ ಮೂತ್ರಕೋಶವೇ ಇದಕ್ಕೆ ಕಾರಣ. ಮಗುವನ್ನು ಮಲಗಿಸದೆ ನೆಟ್ಟಗೆ ಕುಳ್ಳಿರಿಸಿ, ಬಿಗಿಯಾದ ಉಡುಪನ್ನು ಸಡಿಲಿಸಿ, ಮೂತ್ರ ಹೊರಬಿಡಿಸಬೇಕು. ತಲೆನೋವು ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಗಾಲಿಕುರ್ಚಿಯನ್ನು ಸೇರಿದವರ ವಿದ್ಯೆ ಅಲ್ಲಿಗೇ ಮುಗಿಯಿತೆನ್ನುವವರು ಕೇರಳದವರೇ ಆದ ಡಾ. ಮೇರಿ ವರ್ಗೀಸರ ಬದುಕನ್ನು ನೆನೆಯಬೇಕು. 1954ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಯುವ ವೈದ್ಯೆಯಾಗಿದ್ದಾಗ ರಸ್ತೆ ಅಪಘಾತದಲ್ಲಿ ಅವರ ಸೊಂಟದ ಕೆಳಗಿನ ಭಾಗ ನಿಶ್ಚಲವಾಯಿತು. ಅವರದು ಉರಿಯೂತವಲ್ಲ, ಪೆಟ್ಟು. ಆದರೆ ಬೆನ್ನುಹುರಿ ಕೆಟ್ಟ ಬಳಿಕ ಬೇಕಾಗುವ ಆರೈಕೆ ಎರಡರಲ್ಲಿಯೂ ಬಹುಪಾಲು ಒಂದೇ. ಗಾಲಿಕುರ್ಚಿಯಲ್ಲಿ ಕುಳಿತೇ ಅವರು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಕ್ರಿಯೆ ನಡೆಸಿದರು. ನ್ಯೂಯಾರ್ಕಿಗೆ ಹೋಗಿ ಪುನಶ್ಚೇತನ ವೈದ್ಯಶಾಸ್ತ್ರವನ್ನು ಕಲಿತರು. 1966ರಲ್ಲಿ ವೆಲ್ಲೂರಿನಲ್ಲಿ ಆರಂಭವಾದ ಪುನಶ್ಚೇತನ ಕೇಂದ್ರವು ಅವರ ಸಾಧನೆಯ ಫಲ. 1972ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಕಾಸರಗೋಡಿನ ಮೂಲಕ ಸಾಗುವ ಮಂಗಳೂರು–ಚೆನ್ನೈ ಮೈಲು ಗಾಡಿಯಲ್ಲಿ ಕಾಟ್ಪಾಡಿಯಲ್ಲಿಳಿದರೆ ವೆಲ್ಲೂರು ಸಮೀಪ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ನರರೋಗಿಗಳ ಪುನಶ್ಚೇತನಕ್ಕೆ ಪ್ರತ್ಯೇಕ ವಿಭಾಗವಿದೆ.

ಊರಿನಲ್ಲಿಯೇ ದೊರೆಯುವ ನೆರವೂ ಕಡಿಮೆಯದಲ್ಲ. ಕೇರಳ ಸರಕಾರವು 2008ರಲ್ಲಿ ಉಪಶಮನ ಆರೈಕೆಯ ನೀತಿಯನ್ನು ಪ್ರಕಟಿಸಿತು. ಅದರಂತೆ ಪಂಚಾಯತು ಮಟ್ಟದ ಪಾಲಿಯೇಟಿವ್ ದಾದಿಯರು ಮನೆಮನೆಗೆ ಬಂದು ಕ್ಯಾಥೆಟರ್, ಹುಣ್ಣುಗಳ ಆರೈಕೆ ಮಾಡುತ್ತಾರೆ. ಪಾಲಿಯೇಟಿವ್ ಎಂದರೆ ಕೊನೆಗಾಲದವರಿಗೆ ಮಾತ್ರವೆಂಬ ಅಂಜಿಕೆಯಿಂದ ಕೆಲವರು ಹೆಸರು ನೋಂದಾಯಿಸುವುದಿಲ್ಲ. ದೀರ್ಘಕಾಲ ಆರೈಕೆ ಬೇಕಾದ ಮಗುವಿಗೂ ಆ ನೆರವು ಸಲ್ಲುತ್ತದೆ.

ಶಾಲೆಯ ಹಕ್ಕಂತೂ ಕಾನೂನಿನಲ್ಲಿ ಸ್ಪಷ್ಟವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಊನವಿದೆಯೆಂದು ದೃಢಪಟ್ಟ 6ರಿಂದ 18 ವರ್ಷದ ಮಗುವಿಗೆ ತನ್ನ ಆಯ್ಕೆಯ ನೆರೆಯ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಅಂಥ ಮಕ್ಕಳನ್ನು ಸೇರಿಸಿಕೊಳ್ಳಬೇಕು. ಕಟ್ಟಡವನ್ನೂ ಶೌಚಾಲಯವನ್ನೂ ಅವರು ಬಳಸುವಂತೆ ಮಾಡಬೇಕು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯುವವರ ನೆರವು ಮೊದಲಾದ ರಿಯಾಯಿತಿಗಳಿಗೂ ಅದರಲ್ಲಿ ಅವಕಾಶವಿದೆ. ಇಳಿಜಾರು ದಾರಿಯಿರುವ ಬೇರೆ ಮಾಧ್ಯಮದ ಶಾಲೆಗೆ ಮಗುವನ್ನು ಸೇರಿಸಿರೆಂಬ ಸಲಹೆ ಕನ್ನಡದ ಮನೆಗಳಿಗೆ ಬಂದರೆ ಅದಕ್ಕೆ ಉತ್ತರ ಇಲ್ಲಿದೆ. ಕಾಯಿಲೆಯಿಂದ ಒಂದು ವರ್ಷ ಕಳೆದುಕೊಂಡ ಮಗುವಿನ ಮೇಲೆ ಓದುವ ಭಾಷೆಯನ್ನೂ ಬದಲಿಸುವ ಹೊರೆ ಹೊರಿಸಬಾರದು. ಅದರ ಗೆಳೆಯರಿರುವ ಶಾಲೆಗೇ ಇಳಿಜಾರು ದಾರಿ ಬರಬೇಕು.

ಭಾಷೆಯ ಪ್ರಶ್ನೆ ಆರೈಕೆಯಲ್ಲಿಯೂ ಇದೆ. ಬಿಡುಗಡೆಯ ಪತ್ರ ಇಂಗ್ಲಿಷಿನಲ್ಲಿರುತ್ತದೆ. ವ್ಯಾಯಾಮ ಕಲಿಸುವವರ ಮಾತು ಮಲಯಾಳವೋ ತಮಿಳೋ ಆಗಿರಬಹುದು. ದಿನಕ್ಕೆ ಐದಾರು ಬಾರಿ ನಳಿಕೆ ಹಿಡಿಯಬೇಕಾದ ತಾಯಿಯದು ಕನ್ನಡ. ತಲೆಯಾಡಿಸಿ ಬಂದುಬಿಟ್ಟರೆ ಮನೆಯಲ್ಲಿ ತಪ್ಪು ನಡೆಯುತ್ತದೆ. ಆಸ್ಪತ್ರೆಯಿಂದ ಹೊರಡುವ ಮುನ್ನ ದಾದಿಯ ಎದುರಿನಲ್ಲಿ ಹೆತ್ತವರು ಪ್ರತಿಯೊಂದು ಕ್ರಮವನ್ನೂ ತಮ್ಮ ಕೈಯಿಂದಲೇ ಮಾಡಿ ತೋರಿಸಬೇಕು. ಹೊತ್ತು, ಅಳತೆ, ಔಷಧದ ಹೆಸರುಗಳನ್ನು ಕನ್ನಡದಲ್ಲಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಅದೇ ಪುಸ್ತಕ ತರಗತಿಯ ಅಧ್ಯಾಪಕರಿಗೂ ಓದಲು ಒದಗುತ್ತದೆ. ಕಚೇರಿಗೆ ದೂರು ಸಲ್ಲಿಸಬೇಕಾಗಿ ಬಂದರೆ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅದನ್ನು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ.

ಪ್ರತಿ ಶಾಲೆಯ ರಕ್ಷಕ–ಶಿಕ್ಷಕ ಸಂಘವೂ ಮುಂದಿನ ಸಭೆಯಲ್ಲಿ ಶಾಲೆಯ ಶೌಚಾಲಯಗಳನ್ನು ಒಮ್ಮೆ ನೋಡಿಬರಲಿ. ಬಾಗಿಲಿನ ಅಗಲ ಎಷ್ಟು, ಹೊಸ್ತಿಲು ಎಷ್ಟು ಎತ್ತರ, ಚಿಲಕ ಬೀಳುತ್ತದೆಯೇ, ನಲ್ಲಿಯಲ್ಲಿ ನೀರಿದೆಯೇ ಎಂದು ಬರೆದುಕೊಳ್ಳಲಿ. ಆ ಕೋಣೆ ಬೇಕಾಗುವ ಮಗು ಈಗ ಶಾಲೆಯಲ್ಲಿ ಇಲ್ಲದಿರಬಹುದು. ಆಸ್ಪತ್ರೆಯಿಂದ ಒಂದು ಮಗು ಮರಳುವ ದಿನ ಮಾತ್ರ, ಅದು ತರಗತಿಗೆ ಬರುವುದೋ ಮನೆಯಲ್ಲೇ ಉಳಿಯುವುದೋ ಎಂಬುದು ಆ ಟಿಪ್ಪಣಿಯನ್ನು ಅವಲಂಬಿಸಿರುತ್ತದೆ.