ಅಂಜಲ್ ಮೀನೂ ಅಟ್ಟದ ಕೊಬ್ಬರಿಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಹುಟ್ಟಿ ಬೆಳೆದವರಿಗೆ ತೆಂಗಿನ ವಿಷಯವನ್ನು ಹೇಳಿಕೊಡಬೇಕಾದುದಿಲ್ಲ. ಕಡಲಿನ ವಿಷಯವನ್ನು ಹೇಳಹೊರಟರೆ ಕೇಳುವವರಿಲ್ಲ. ಕೆರೆಯ ಮೀನನ್ನಷ್ಟೇ ಬಲ್ಲ ನಮಗೆ, ಅದರಲ್ಲಿಯೂ ಕಲಾ ವಿಭಾಗದ ವಿದ್ಯಾರ್ಥಿಗಳಿಗೆ, ಸಮುದ್ರದ ಮೀನಿನ ಗೊಡವೆ ಏಕೆ ಎಂದು ಮಿತ್ರರು ಕೇಳಬಹುದು. ಆದರೆ ಮಂಗಳೂರಿನಿಂದ ಚಾರ್ಮಾಡಿ ಘಟ್ಟವನ್ನೇರಿ ತುಮಕೂರಿಗೆ ಹೋಗುವ 73ನೆಯ ರಾಷ್ಟ್ರೀಯ ಹೆದ್ದಾರಿ ತಿಪಟೂರನ್ನು ಹಾದೇ ಹೋಗುತ್ತದೆ. ಕರಾವಳಿಯ ಮೀನು ಮಂಜುಗಡ್ಡೆಯಲ್ಲಿ ಮಲಗಿ ಘಟ್ಟವನ್ನು ಹತ್ತಿ ಬಯಲುಸೀಮೆಗೆ ಬರುತ್ತದೆ. ಕೊಳ್ಳುವವನಿದ್ದಲ್ಲಿ ಹೊಣೆಯೂ ಇದೆ. ಮೀನು ಮುಟ್ಟದ ಮನೆಯ ಮಿತ್ರರೂ ಇದನ್ನು ಓದಬೇಕೆಂದು ಕೋರುತ್ತೇನೆ. ಇದು ರುಚಿಯ ಮಾತಲ್ಲ, ಲೆಕ್ಕದ ಮಾತು.

ಮಂಗಳೂರು, ಮಲ್ಪೆಗಳ ಕಡೆ ಅಂಜಲ್ ಎಂದು ಕರೆಯಲ್ಪಡುವ ಮೀನು ನಮ್ಮ ಕಡಲಿನ ಬೆಲೆಯುಳ್ಳ ಮೀನುಗಳಲ್ಲೊಂದು. ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಲಾಸೆಪೇದನು 1800ರಲ್ಲಿ ಇದನ್ನು ವರ್ಣಿಸಿ, ಬೂಗನ್‌ವಿಲ್ಲನೊಡನೆ ಸಮುದ್ರಯಾನ ಮಾಡಿದ ಕೊಮರ್ಸನ್ನನ ಹೆಸರನ್ನು ಇದಕ್ಕಿಟ್ಟನು. ನೀಳವಾದ ಬೆಳ್ಳಿಯಂತಹ ಮೈ, ಪಕ್ಕೆಯಲ್ಲಿ ಕಿರಿದಾದ ಅಡ್ಡಪಟ್ಟೆಗಳು, ಕತ್ತರಿಯಂತಹ ಹಲ್ಲು. ಇದು ಎರಡು ಮೀಟರಿಗೂ ಮಿಕ್ಕಿ ಬೆಳೆಯಬಲ್ಲದು. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳಲ್ಲಿ ಗಾಳದಿಂದ ಇದನ್ನು ಹಿಡಿಯುವುದೇ ಒಂದು ಕ್ರೀಡೆ. 1982ರಲ್ಲಿ ದಕ್ಷಿಣ ಆಫ್ರಿಕದ ಸ್ಕಾಟ್‌ಬರೋ ಬಳಿ ಗಾಳಕ್ಕೆ ಸಿಕ್ಕಿ ದಾಖಲೆಯಾದ ಮೀನಿನ ತೂಕ 44.9 ಕಿಲೋ.

ಇಂತಹ ವೀರನ ಬಾಳು ಆರಂಭವಾಗುವುದು ಸುಮಾರು ಒಂದು ಮಿಲಿಮೀಟರಿನ ಮೊಟ್ಟೆಯಿಂದ. ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಗಂಡು ಅಲ್ಲಿಯೇ ಅವುಗಳನ್ನು ಫಲಿತಗೊಳಿಸುತ್ತದೆ. ಗೂಡಿಲ್ಲ, ಕಾವಲಿಲ್ಲ. ಮೊಟ್ಟೆಯೊಳಗಿನ ಎಣ್ಣೆಯ ಹನಿ ಅದನ್ನು ತೇಲಿಸುತ್ತದೆ. ಬೆಚ್ಚಗಿನ ನೀರಿನಲ್ಲಿ ಸುಮಾರು ಒಂದು ದಿನದಲ್ಲಿಯೇ ಮರಿ ಹೊರಬರುತ್ತದೆ. ಇತರ ಮೀನುಮರಿಗಳು ಸೂಕ್ಷ್ಮಜೀವಿಗಳನ್ನು ಮೇಯುವ ಪ್ರಾಯದಲ್ಲಿಯೇ, ಇದು ದೊಡ್ಡ ದವಡೆಯನ್ನು ತೆರೆದು ಆ ಮರಿಗಳನ್ನೇ ನುಂಗತೊಡಗುತ್ತದೆ. ತೀರದ ಸಮೀಪದಲ್ಲಿ ಬೆಳೆದು, ಬೂತಾಯಿ, ಬಂಗುಡೆ, ಕೊಳ್ಳತರುಗಳ ಹಿಂಡನ್ನು ಬೆನ್ನಟ್ಟುತ್ತದೆ. ಇದಕ್ಕೆ ಒಡಲೊಳಗೆ ಗಾಳಿಚೀಲವಿಲ್ಲ. ಆದುದರಿಂದ ಈಜು ನಿಲ್ಲಿಸುವಂತಿಲ್ಲ. ಬಾಳೆಲ್ಲ ಓಟವೇ.

ಬೆಳವಣಿಗೆ ಬಲು ಚುರುಕು. ಆದರೆ ಅದು ಮೊದಲ ಸಲ ಮೊಟ್ಟೆಯಿಡಲು ಸುಮಾರು ಎರಡು ವರ್ಷ ತುಂಬಿ, 70 ಸೆಂಟಿಮೀಟರಿನಷ್ಟು ಉದ್ದವಾಗಬೇಕು. ಆಗ ಅದರ ತೂಕ ಎರಡು-ಮೂರು ಕಿಲೋ. ಒಂದು ಮೀಟರ್ ಉದ್ದವಾಗುವ ಹೊತ್ತಿಗೆ ತೂಕ ಏಳು ಕಿಲೋದ ಆಸುಪಾಸಿಗೆ ಬರುತ್ತದೆ. ಬಿಟ್ಟರೆ ಇಪ್ಪತ್ತು ವರ್ಷ ಬಾಳುವುದೂ ಉಂಟು. ಆದರೆ ಟ್ರಾಲ್ ಬಲೆಗೆ ದೊಡ್ಡದು ಚಿಕ್ಕದೆಂಬ ಭೇದವಿಲ್ಲ. ಇನ್ನೂ ಅರ್ಧ ಕಿಲೋ ತೂಗದ, ಒಮ್ಮೆಯೂ ಮೊಟ್ಟೆಯಿಡದ ಎಳೆ ಅಂಜಲ್‌ಗಳು ಅದರಲ್ಲಿ ಬಂದು ಬೀಳುತ್ತವೆ.

ಈಗ ನಮ್ಮ ತೋಟವನ್ನು ನೆನೆಯಿರಿ. ಹೊಂಬಾಳೆ ಒಡೆದು ಕಾಯಿ ಬಲಿಯಲು ಹನ್ನೆರಡು ತಿಂಗಳು. ಬಲಿತ ಕಾಯಿ ಸಿಪ್ಪೆಯ ಸಮೇತ ಅಟ್ಟದಲ್ಲಿ ಮತ್ತೆ ಹತ್ತು-ಹನ್ನೆರಡು ತಿಂಗಳು ಕಾದು, ನೀರಿಂಗಿ, ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದುದು ಈ ಎರಡು ವರ್ಷಗಳ ತಾಳ್ಮೆಯೇ. ಅಂಜಲ್ ಬೇಡುವುದೂ ಅಷ್ಟೇ ಕಾಲವನ್ನು!

ಲಕ್ಷಗಟ್ಟಲೆ ಮೊಟ್ಟೆಯಿಡುವ ಮೀನಿಗೆ ನಾಲ್ಕು ಮರಿ ಹೋದರೇನು ನಷ್ಟ ಎಂದು ವಾದಿಸುವವರಿದ್ದಾರೆ. ಹೊಂಬಾಳೆಯ ಹರಳೆಲ್ಲ ಕಾಯಾಗುವುದಿಲ್ಲವೆಂದು ಬಲ್ಲ ನಾವು ಈ ವಾದಕ್ಕೆ ಮರುಳಾಗಬಾರದು. ಹರಳು ಉದುರುವುದು ಪ್ರಕೃತಿಯ ಲೆಕ್ಕ. ಉದುರದೆ ಉಳಿದು ಅರ್ಧ ಬೆಳೆದುದನ್ನು ಕಿತ್ತರೆ ಅದು ನಮ್ಮ ನಷ್ಟ. ಎಳೆಯ ಅಂಜಲ್ ಲಕ್ಷದಲ್ಲಿ ಒಂದಲ್ಲ; ಲಕ್ಷ ಸತ್ತ ಮೇಲೆ ಉಳಿದ ಒಂದು.

ಆದರೆ ಒಂದು ಕಡೆ ನನ್ನ ಹೋಲಿಕೆ ಮುರಿಯುತ್ತದೆಂಬುದನ್ನು ಮರೆಮಾಚಲಾರೆ. ತೆಂಗಿನ ಮರ ನಮ್ಮ ಬೇಲಿಯೊಳಗಿದೆ. ಇಂದು ಬಿಟ್ಟ ಕಾಯಿ ನಾಳೆಯೂ ನಮ್ಮದೇ. ಕಡಲಿಗೆ ಬೇಲಿಯಿಲ್ಲ. ಇಂದು ಒಬ್ಬ ಮೀನುಗಾರ ಬಿಟ್ಟ ಮರಿಯನ್ನು ನಾಳೆ ಪಕ್ಕದ ದೋಣಿಯವನು ಹಿಡಿಯುತ್ತಾನೆ. ಡೀಸೆಲ್ಲಿಗೂ ಬಲೆಗೂ ಸಾಲ ಮಾಡಿದವನಿಗೆ ಒಂಟಿಯಾಗಿ ತಾಳ್ಮೆಯಿಂದಿರು ಎಂದು ಬೋಧಿಸುವುದು ಅನ್ಯಾಯ. ಊರ ಕೆರೆಯ ತೂಬನ್ನು ಯಾರೆಂದರೆ ಅವರು ಎತ್ತುವಂತಿಲ್ಲವಷ್ಟೆ. ಎಲ್ಲರಿಗೂ ಸೇರಿದುದಕ್ಕೆ ಎಲ್ಲರೂ ಒಪ್ಪಿದ ಕಟ್ಟಳೆ ಬೇಕು.

ಅಂತಹ ಕಟ್ಟಳೆ ಅಸಾಧ್ಯವಲ್ಲ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ನಮ್ಮ ಕರಾವಳಿಯಲ್ಲಿ ಕಡಲಿಗಿಳಿಯುವುದಿಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ 75 ಸೆಂಟಿಮೀಟರಿಗಿಂತ ಚಿಕ್ಕದಾದ ಅಂಜಲನ್ನು ಇಟ್ಟುಕೊಳ್ಳುವಂತಿಲ್ಲ. ಆದರೆ ಕೊಳ್ಳುವ ಕೈ ನೆರವಾಗದಿದ್ದರೆ ಯಾವ ಕಾಯಿದೆಯೂ ಕಾಗದದಲ್ಲೇ ಉಳಿಯುತ್ತದೆ. ಎಳೆಯ ಮೀನಿಗೆ ಗಿರಾಕಿಯಿಲ್ಲದಿದ್ದರೆ ಬಲೆಯ ಕಣ್ಣು ತಾನಾಗಿ ಹಿಗ್ಗುತ್ತದೆಂಬುದು ನನ್ನ ನಂಬಿಕೆ.

ಆದುದರಿಂದ ಮೀನು ತಿನ್ನುವ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಅಂಜಲ್ ಕೊಳ್ಳುವಾಗ ದೊಡ್ಡ ಮೀನಿನ ತುಂಡನ್ನೇ ಕೇಳಿ, ಮೊಳದುದ್ದವೂ ಇಲ್ಲದ ಇಡೀ ಮೀನು ಅಗ್ಗಕ್ಕೆ ಸಿಕ್ಕರೂ ಬೇಡವೆನ್ನಿ. ತಿನ್ನದ ಮಿತ್ರರು ಈ ಲೆಕ್ಕವನ್ನು ನಾಲ್ಕು ಜನರಿಗೆ ಹೇಳಲಿ. ಅರ್ಥಶಾಸ್ತ್ರದ ಗುರುಗಳು ಸಾಮೂಹಿಕ ಸಂಪತ್ತಿನ ಪಾಠದಲ್ಲಿ ಕೆರೆಯ ಜೊತೆಗೆ ಕಡಲನ್ನೂ ಸೇರಿಸಲಿ. ಬಲಿಯುವ ತನಕ ಕಾಯುವುದು ನಷ್ಟವಲ್ಲವೆಂದು ನಾಡಿಗೆ ಹೇಳುವ ಅಧಿಕಾರ ಯಾರಿಗಾದರೂ ಇದ್ದರೆ ಅದು ಅಟ್ಟದ ಮೇಲೆ ಕಾಯಿ ಪೇರಿಸಿಟ್ಟು ಕಾಯುವ ನಮ್ಮವರಿಗೇ ಇದೆ.