ಕಿಮೋಥೆರಪಿ ಪಡೆಯುವ ಮಹಿಳೆಯರಿಗೆ ಮಾನಸಿಕ ಬೆಂಬಲ ಕೋರಿ ಮನವಿ ಪತ್ರ

ಇವರಿಗೆ:
ಮಾನ್ಯ ಜಿಲ್ಲಾಧಿಕಾರಿಗಳು,
ದಾವಣಗೆರೆ ಜಿಲ್ಲೆ, ದಾವಣಗೆರೆ.

ಇವರಿಂದ:
ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ದಾವಣಗೆರೆ ನಗರ ಮತ್ತು ಹರಿಹರದ ಮಹಿಳೆಯರು ಹಾಗೂ ಕುಟುಂಬದವರು.

ವಿಷಯ: ಕಿಮೋಥೆರಪಿಯ ಜೊತೆಗೇ ಆಪ್ತಸಮಾಲೋಚನೆ ಒದಗಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ಕಿಮೋ ಸಾಮಾನ್ಯವಾಗಿ ಎರಡು–ಮೂರು ವಾರಕ್ಕೊಮ್ಮೆಯಂತೆ ತಿಂಗಳುಗಟ್ಟಲೆ ನಡೆಯುತ್ತದೆ. ವಾಕರಿಕೆ, ಬಾಯಿಹುಣ್ಣು, ಸುಸ್ತು ಒಂದು ಕಡೆ. ಹಲವು ಔಷಧಿಗಳಿಂದ ಎರಡು–ಮೂರು ವಾರದಲ್ಲೇ ತಲೆಗೂದಲು ಉದುರತೊಡಗುತ್ತದೆ. ಬಿಳಿ ರಕ್ತಕಣ ಇಳಿದರೆ ಕಿಮೋದ ಮುಂದಿನ ಸುತ್ತು (ಸೈಕಲ್) ಮುಂದಕ್ಕೆ ಹೋಗುತ್ತದೆ. ನಿದ್ದೆ ಬಾರದು, ನಾಲ್ಕು ಜನರ ಮುಂದೆ ಹೋಗಲು ಮನಸ್ಸಾಗದು, ಚಿಕಿತ್ಸೆ ಅರ್ಧಕ್ಕೇ ಬಿಟ್ಟುಬಿಡೋಣವೆನಿಸುತ್ತದೆ.

ನೋಡಲು ಬಂದವರೆಲ್ಲ "ಧೈರ್ಯ ತಗೋಳಮ್ಮ" ಎನ್ನುತ್ತಾರೆ. ಆದರೆ ಮುಂದೇನಾಗುತ್ತದೆಂದು ಗೊತ್ತಿದ್ದರೆ, ಮನೆಯ ಖರ್ಚಿಗೆ ದಾರಿಯಿದ್ದರೆ, ಹೇಳಿಕೊಳ್ಳಲು ಒಬ್ಬರಿದ್ದರೆ ಧೈರ್ಯ ಬರುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರಿಗೆ, ಬೀಡಿ ಕಟ್ಟುವವರಿಗೆ ಚಿಕಿತ್ಸೆಯ ದಿನವೆಂದರೆ ಕೂಲಿ ಹೋದ ದಿನ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹುಬ್ಬಳ್ಳಿಗೋ ಹೋಗಬೇಕಾದಾಗ ಶಕ್ತಿ ಯೋಜನೆಯಿಂದ ರೋಗಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ. ಆದರೆ ಜೊತೆಗೆ ಬರುವ ಗಂಡನ ಅಥವಾ ಮಗನ ಟಿಕೆಟ್ಟು, ಅವರ ಕೂಲಿ ಮನೆಯ ಮೇಲೇ ಬೀಳುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಮಾನಸಿಕ ಆರೋಗ್ಯ ಸೇವೆಯನ್ನು ಪ್ರತಿಯೊಬ್ಬರ ಹಕ್ಕೆಂದಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಮನೋಚೈತನ್ಯ ಕ್ಲಿನಿಕ್, 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇವೆ. ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ 2025–26ರ ಕೇಂದ್ರ ಬಜೆಟ್ ಹೇಳಿದೆ. ನಾವು ಹೊಸ ಕಟ್ಟಡ ಕೇಳುತ್ತಿಲ್ಲ. ಈಗಾಗಲೇ ಇರುವ ಮಾನಸಿಕ ಆರೋಗ್ಯ ಸೇವೆಗಳನ್ನು ಕಿಮೋ ವಾರ್ಡಿಗೆ ಜೋಡಿಸಿ ಎನ್ನುತ್ತಿದ್ದೇವೆ.

ನಮ್ಮ ಬೇಡಿಕೆಗಳು:

1. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ಮಹಿಳಾ ಆಪ್ತಸಮಾಲೋಚಕರು ಸಿಗಬೇಕು. ಮೊದಲ ಸೈಕಲ್‌ಗೆ ಮುನ್ನವೇ ರೋಗಿಯನ್ನೂ ಮನೆಯವರನ್ನೂ ಕೂರಿಸಿ ಮುಂದಿನ ದಿನಗಳ ಬಗ್ಗೆ ತಿಳಿಹೇಳಬೇಕು.

2. ಖಿನ್ನತೆ ಗುರುತಿಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9 ಅನ್ನು ಆರಂಭದಲ್ಲೂ ಆಮೇಲೆ ಎರಡು ಸೈಕಲ್‌ಗೊಮ್ಮೆಯೂ ಕನ್ನಡದಲ್ಲಿ ಕೇಳಬೇಕು. ಅಂಕ 10 ಅಥವಾ ಹೆಚ್ಚಿದ್ದರೆ ಅದೇ ವಾರ, ಸಾಯುವ ಯೋಚನೆ ಇದೆ ಎಂದರೆ ಅದೇ ದಿನ ಮನೋವೈದ್ಯರು ನೋಡಬೇಕು.

3. ಹರಿಹರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್‌ನಲ್ಲಿ ನಮಗೆ ಪ್ರತ್ಯೇಕ ಸಮಯವಿರಲಿ. ಕಿಮೋಗೆ ಮುಂಚಿನ ರಕ್ತಪರೀಕ್ಷೆಯೂ ಅಲ್ಲೇ ಆದರೆ ಒಂದು ಓಡಾಟ ತಪ್ಪುತ್ತದೆ.

4. ಆಶಾ ಕಾರ್ಯಕರ್ತೆಯರು ರೋಗಿ ಒಪ್ಪಿದರೆ ಮಾತ್ರ ಮನೆಗೆ ಬರಲಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಹೇಳುವ ಗೌಪ್ಯತೆಯ ಬಗ್ಗೆ ಅವರಿಗೆ ತರಬೇತಿ ಕೊಡಿ. ಕಾಯಿಲೆಯ ಸುದ್ದಿ ಓಣಿಗೆ ಹಬ್ಬಬಾರದು.

5. ಆರೋಗ್ಯ ಕರ್ನಾಟಕ ಯೋಜನೆ, ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ಇರುವ ರೈಲ್ವೆ ರಿಯಾಯಿತಿ, ವಿಗ್, ಕೃತಕ ಸ್ತನ, ಇವುಗಳ ಮಾಹಿತಿ ಮತ್ತು ಅರ್ಜಿ ಒಂದೇ ಕೌಂಟರಿನಲ್ಲಿ ಸಿಗಬೇಕು.

6. ಚಿಕಿತ್ಸೆ ಮುಗಿಸಿದವರೂ ಪಡೆಯುತ್ತಿರುವವರೂ ತಿಂಗಳಿಗೊಮ್ಮೆ ಸೇರಲು ಆಸ್ಪತ್ರೆಯಲ್ಲೇ ಜಾಗ ಕೊಡಬೇಕು.

7. ಅರ್ಧಕ್ಕೇ ಕಿಮೋ ನಿಲ್ಲಿಸಿದವರೆಷ್ಟು, ಏಕೆ ಎಂಬುದನ್ನು ಹೆಸರು ಬಿಟ್ಟು ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕು. ಮೇಲಿನ ಕ್ರಮಗಳು ನೆರವಾದವೋ ಇಲ್ಲವೋ ಅದರಿಂದಲೇ ತಿಳಿಯುತ್ತದೆ.

ಆದ್ದರಿಂದ ತಾವು 30 ದಿನಗಳೊಳಗೆ ಸಂಬಂಧಪಟ್ಟ ಅಧಿಕಾರಿಗಳ ಹಾಗೂ ನಗರದ ವೈದ್ಯಕೀಯ ಕಾಲೇಜುಗಳ ಮನೋವೈದ್ಯರ ಸಭೆ ಕರೆದು, ನಮ್ಮ ಇಬ್ಬರು ಪ್ರತಿನಿಧಿಗಳಿಗೂ ಅವಕಾಶ ಕೊಟ್ಟು, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.



ಇಂತಿ ತಮ್ಮ ವಿಶ್ವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)

ಸ್ಥಳ: ದಾವಣಗೆರೆ

ಪ್ರತಿಗಳು:
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ, ದಾವಣಗೆರೆ
ಜಿಲ್ಲಾ ಶಸ್ತ್ರಚಿಕಿತ್ಸಕರು, ಚಿಗಟೇರಿ ಜಿಲ್ಲಾ ಆಸ್ಪತ್ರೆ
ಆಡಳಿತ ವೈದ್ಯಾಧಿಕಾರಿ, ತಾಲ್ಲೂಕು ಆಸ್ಪತ್ರೆ, ಹರಿಹರ